ಕಳಿಸದೆ ಉಳಿದ ಹೆಸರುಗಳು

ಪ್ರೀತಿಯ ಹುಮೈರಾ,

ಈ ಕಾಗದ ಹೂಸ್ಟನ್‌ನಲ್ಲಿ ನಿನ್ನ ಅಕ್ಕ ನಸ್ರೀನ್ ಹತ್ತಿರ ಇರುತ್ತದೆ. ನೀನು ಕಾಬೂಲ್ ಬಿಟ್ಟು ಅವರ ಮನೆ ಸೇರಿದ ದಿನ ನಿನ್ನ ಕೈಗೇ ಕೊಡಿ ಎಂದಿದ್ದೇನೆ. ಫೋನಿನಲ್ಲಿ ಕಳಿಸುವ ಧೈರ್ಯ ನನಗಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಜೊತೆ ಎಂ.ಎಸ್ಸಿ. ಓದುತ್ತಾ ನೀನು ಕಲಿತ ಕನ್ನಡ ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ ಎಂದುಕೊಂಡಿದ್ದೆ. ಈಗ ಯಾವ ಭಾಷೆಯನ್ನಾದರೂ ಫೋನೇ ಓದಿ ಹೇಳಿಬಿಡುತ್ತದೆ.

ಆರನೇ ಕ್ಲಾಸಿನ ಆಚೆ ಹುಡುಗಿಯರಿಗೆ ಶಾಲೆ ಇಲ್ಲವೆಂದಾದಾಗ ನೀನೇ ಫೋನ್ ಮಾಡಿದ್ದೆ. "ಗಣಿತ ನೀ ಹೇಳ್ಕೊಡು, ಹುಡುಗೀರನ್ನ ನಾ ಸೇರಿಸ್ತೀನಿ" ಎಂದಿದ್ದೆ. ಹೂಸ್ಟನ್‌ನಿಂದ ನಾಲ್ಕೈದು ತಾಸು ದೂರದ ನಮ್ಮ ಊರು ಅಲೆನ್‌ನಲ್ಲಿ ನಾನು ಆಫೀಸಿಗೆ ಹೊರಡುವ ಮುಂಚೆ ಲ್ಯಾಪ್‌ಟಾಪ್ ತೆರೆದರೆ ಅಲ್ಲಿ ಇಳಿಹೊತ್ತು. ಅವರವರ ಮನೆಯಿಂದ, ಅಣ್ಣಂದಿರ ಫೋನಿನಿಂದ, ಮಕ್ಕಳು ಸೇರುತ್ತಿದ್ದರು. ಅವರ ಹೆಸರು, ಮನೆ ಯಾವುದೂ ನಿನ್ನ ಫೋನಿನಲ್ಲಿ ಇರಬಾರದು, ನನ್ನ ಬಳಿಯೇ ಇರಲಿ ಎಂದದ್ದೂ ನೀನೇ.

ಹೋದ ಮಾರ್ಚ್‌ನಲ್ಲಿ ನಿನ್ನ ನಂಬರಿನಿಂದ ಮೆಸೇಜ್ ಬಂತು. ಎಲ್ಲರಿಗೂ ವೀಸಾ ಸಿಗುತ್ತದೆ, ಹುಡುಗಿಯರ ಹೆಸರು, ತಂದೆಯ ಹೆಸರು, ವಿಳಾಸ ಬೇಗ ಕಳಿಸು ಎಂದು. ಅಚ್ಚುಕಟ್ಟಾದ ಇಂಗ್ಲಿಷ್. ನೀನು ನನಗೆ ಯಾವತ್ತೂ ಇಂಗ್ಲಿಷಿನಲ್ಲಿ ಬರೆದವಳಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಹಾಸ್ಟೆಲಿನಲ್ಲಿ ನಮ್ಮ ರೂಮಿನ ಕಿಟಕಿಯಿಂದ ಏನು ಕಾಣುತ್ತಿತ್ತು ಎಂದು ಕೇಳಿದೆ. ಸರಿಯಾದ ಉತ್ತರವೇ ಬಂತು. ಅನುಮಾನ ಇನ್ನೂ ಹೆಚ್ಚಾಯಿತು. ಉತ್ತರ ನಿನ್ನದೇ ಆದರೆ, ನಿನ್ನ ಪಕ್ಕದಲ್ಲಿ ಕೂತವರು ಯಾರು?

"ನಿಜ ಆಗಿದ್ರೆ? ಆ ಮಕ್ಕಳ ವೀಸಾ ನಿನ್ನಿಂದ ತಪ್ಪಿಹೋದ್ರೆ?" ಎಂದು ನನ್ನ ಗಂಡ ಪ್ರಭಂಜನ ಕೇಳಿದ. ಶನಿವಾರ ಹೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ನಸ್ರೀನ್‌ಗೂ ಮೆಸೇಜ್ ಬಂದಿತ್ತು, ಅವರು ಸಂಭ್ರಮದಲ್ಲಿದ್ದರು. ನಾನು ಹೆಸರು ಕಳಿಸಿಲ್ಲ ಎಂದಾಗ ಅವರ ಮುಖ ಬಿಗಿದುಕೊಂಡಿತು. ನನ್ನ ತಂಗಿಯ ಮಾತನ್ನು ನಂಬದಿರಲು ನೀನು ಯಾರು, ನಿನ್ನ ಮಗಳು ಅಲ್ಲಿದ್ದಿದ್ದರೆ ಇಷ್ಟು ಯೋಚಿಸುತ್ತಿದ್ದೆಯಾ ಎಂದು ಹಿಂದಿಯಲ್ಲಿ ಕೇಳಿದರು. ಟೀ ಹಾಗೇ ಬಿಟ್ಟು ಎದ್ದು ಬಂದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ನಸ್ರೀನ್ ಮೇಲೂ ಅನುಮಾನ ಪಟ್ಟೆ: ಇವರಿಗೇಕೆ ಇಷ್ಟು ಅವಸರ? ಒಡಹುಟ್ಟಿದವಳ ಆಸೆಯನ್ನೂ ಸಂಚು ಎಂದು ನೋಡುವಂತಾಗಿದ್ದೆ.

ತಿಂಗಳ ಮೇಲೆ ನೀನು ಬೇರೆ ಯಾರದೋ ಫೋನಿನಿಂದ ಅಕ್ಕನಿಗೆ ಮಾಡಿದೆ. ಅವರು ನನ್ನನ್ನೂ ಕಾಲ್‌ಗೆ ಸೇರಿಸಿದರು.

"ಹೆಸರು ಕಳಿಸಿದ್ಯಾ?"

"ಇಲ್ಲ."

"ಒಳ್ಳೇದಾಯ್ತು ಕಣೆ. ಶಾಲೆ ಮುಚ್ಚಿಸಿದವ್ರೇ ನನ್ನ ಹಿಡ್ಕೊಂಡು ಹೋಗಿದ್ರು, ಈಗ ಬಿಟ್ಟಿದಾರೆ. ಎದುರಿಗೆ ಕೂರಿಸ್ಕೊಂಡು, ನನ್ನ ಕೇಳಿ ಕೇಳಿ ಅವ್ರೇ ಟೈಪ್ ಮಾಡಿದ್ರು."

ನಿನ್ನ ಮಾತನ್ನು ನಾನು ಹಿಂದಿಯಲ್ಲಿ ಹೇಳಿದ ಮೇಲೆ ನಸ್ರೀನ್ ಅಳತೊಡಗಿದರು. ಆಮೇಲೆ ನೀನು ಮೆಲ್ಲಗೆ, "ಕ್ಲಾಸ್ ನಡೀತಿದ್ಯಾ?" ಎಂದೆ. ಅಷ್ಟರಲ್ಲಿ ನಿನ್ನ ಹಿಂದೆ ಒಬ್ಬ ಗಂಡಸು ಕೆಮ್ಮಿದ. ಯಾರದು ಎಂದು ನಾನು ಕೇಳಿದರೆ, ಯಾರೂ ಇಲ್ಲ ಎಂದೆ ನೀನು.

"ಕ್ಲಾಸ್ ನಿಂತೋಯ್ತು ಹುಮೈರಾ. ಯಾರೂ ಬರ್ತಿಲ್ಲ."

ಕೆಮ್ಮಿದ್ದು ನಿಮ್ಮ ಅಪ್ಪನೇ ಇರಬಹುದು. ನನಗೆ ಇವತ್ತಿಗೂ ಗೊತ್ತಿಲ್ಲ. ಬಿಡುಗಡೆಯಾದವಳನ್ನು ನಂಬಿದೆ, ಆ "ಯಾರೂ ಇಲ್ಲ" ಎಂಬ ಮಾತನ್ನು ನಂಬಲಾಗಲಿಲ್ಲ.

ಈಗ ನೀನು ಅಕ್ಕನ ಮನೆಯಲ್ಲಿ ಕೂತು ಓದುತ್ತಿದ್ದೀಯೆ, ನಿಜ ಹೇಳಬಹುದು. ಆ ಮೆಸೇಜ್ ಬಂದ ವಾರವೇ ಕ್ಲಾಸಿನ ಲಿಂಕ್ ಬದಲಿಸಿ, ಗುಂಪಿನಿಂದ ನಿನ್ನ ನಂಬರನ್ನು ತೆಗೆದುಹಾಕಿದೆ. ಮಕ್ಕಳು ಒಬ್ಬೊಬ್ಬರಾಗಿ ಬಂದರು. ನೀನು ಮೊದಲು ಕರೆತಂದ ಫರಿಷ್ತಾ ಈಗ ಚಿಕ್ಕವರಿಗೆ ಭಿನ್ನರಾಶಿ ಹೇಳಿಕೊಡುತ್ತಾಳೆ. ಮೈಕ್ ಆನ್ ಮಾಡಲು ಹೆದರುತ್ತಿದ್ದ ಆ ಸಣ್ಣವಳು ನನ್ನ ಲೆಕ್ಕದಲ್ಲೇ ತಪ್ಪು ಹಿಡಿಯುತ್ತಾಳೆ.

ಕ್ಲಾಸ್ ನಿಂತಿಲ್ಲ ಹುಮೈರಾ.

ಈ ಕಾಗದ ನಸ್ರೀನ್ ಬಳಿ ಬಹಳ ದಿನ ಇರದಿರಲಿ. ನಿನ್ನ ದಾರಿಯಲ್ಲಿ ಯಾರೂ ನಿನ್ನನ್ನು ತಡೆದು ಏನನ್ನೂ ಕೇಳದಿರಲಿ.

ನಿನ್ನ,
ಅನಘಾ