ಒಂದೇ ಕಸ, ಎರಡು ಸಲ

ಶನಿವಾರ, ಫೆಬ್ರವರಿ 8

ಇನ್ನೂ ಸಿಟ್ಟು ಇಳಿದಿಲ್ಲ. ಬೆಳಿಗ್ಗೆ ತಲಘಟ್ಟಪುರದ ಕೆರೆದಂಡೆಯ ಕಸವನ್ನೆಲ್ಲ ನಾವು ಕಾಲೇಜಿನವರು ಆರಿಸಿ ಮೂಟೆ ಕಟ್ಟಿದ್ದೆವು. ಅಷ್ಟರಲ್ಲಿ ಯಾವುದೋ ಕಂಪನಿಯ ಸಾಹೇಬರು ಬರುತ್ತಿದ್ದಾರೆಂದು ನಮ್ಮ ಲೀಡರ್ ಸುಶ್ರುತನಿಗೆ ಫೋನ್ ಬಂತು.

"ಎರಡು ಮೂಟೆ ಬಿಚ್ಚಿ ಸುರೀರಿ. ಸಾರ್ ಬಂದ್ರೆ ಎತ್ತೋಕೆ ಏನಾದ್ರೂ ಬೇಕಲ್ವಾ? ಇಂಟರ್ನ್‌ಶಿಪ್ ಕೊಡೋರು ಅವ್ರೇ," ಅಂದ.

ಅಲ್ಲೇ ಹಸು ಮೇಯಿಸುತ್ತಿದ್ದ ಅಕ್ಕಯಮ್ಮ ಕೇಳಿದರು, "ಯಾಕವ್ವಾ, ಈಗ್ತಾನೆ ಎತ್ತಿದ್ರಲ್ಲ?" ಆಗಲೇ ಎರಡು ಮೂಟೆ ಕಸ ಮತ್ತೆ ದಂಡೆಯ ಮೇಲೆ ಬಿದ್ದಿತ್ತು.

ಸಾಹೇಬರು ಹೊಸ ಗ್ಲೌಸ್ ಹಾಕಿಕೊಂಡು ನಾಲ್ಕು ಬಾಟಲಿ ಎತ್ತಿ, ಫೋಟೊ ತೆಗೆಸಿಕೊಂಡು, ನಮಗೆಲ್ಲ ತಮ್ಮ ಕಾರ್ಡ್ ಹಂಚಿ ಹೊರಟರು. ಉಳಿದದ್ದನ್ನು ಮತ್ತೆ ನಾವೇ ಆರಿಸಿದೆವು.

ಸುಶ್ರುತನಿಗೆ ನಾಚಿಕೆಯೇ ಇಲ್ಲ. ಆದರೆ ಮೂಟೆ ಬಿಚ್ಚಿದವಳು ನಾನು.

ಆ ಕಾರ್ಡನ್ನು ಈಗಷ್ಟೇ ಹರಿದು ಹಾಕಿದೆ. ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡ ಮೇಲೆ.