ಕಾರಿನ ಕಿಂಡಿಗೆ ಹೊಸ ಕೀಲಿ

ವಾಡಿ,
೨೦-೮-೧೯೭೮, ರವಿವಾರ

ಪ್ರೀತಿಯ ಅವ್ವಾ,

ನಮ್ಮ ಕಾರಿನ ಪೆಟ್ರೋಲ್ ಕಿಂಡಿಗೆ ಇವತ್ತು ಹೊಸ ಕೀಲಿ ಕೂತಿದೆ. ಸರಿಯಾಗಿ ಕೂತಿದೆ ಎಂದು ಹೇಳಿದವಳು ನಿನ್ನ ಸೊಸೆ ಮಾಳಮ್ಮ, ನಾನಲ್ಲ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆನೆಂದು ಬೇಸರ ಮಾಡಿಕೊಳ್ಳಬೇಡ. ದಿನಾಲು ನನ್ನಿಂದ ಪೇಪರ್ ಓದಿಸಿಕೊಳ್ಳುತ್ತಿದ್ದ ಅಪ್ಪ ಕಲಿಸಿದ್ದೇ ಹೀಗೆ: ಮೊದಲು ಆದದ್ದು, ಆಮೇಲೆ ಹೇಳಿದವರು, ನಿನ್ನ ಅಭಿಪ್ರಾಯ ಯಾರಾದರೂ ಕೇಳಿದರೆ ಮಾತ್ರ.

ನಿನ್ನ ಮೊಣಕಾಲು ಹೇಗಿದೆ? ಪಂಚಮಿಯ ದಿನ ನೀನು ಜೋಕಾಲಿಯ ಮೇಲೆ ನಿಂತು ಜೀಕಿದೆಯೆಂದು ನಾಗೇಂದ್ರಪ್ಪ ಮಾವ ಕಾರ್ಡು ಹಾಕಿದ್ದಾನೆ. ತಂಗಿಯ ಮೇಲೆ ಚಾಡಿ ಹೇಳಿದ್ದೋ, ಹೆಮ್ಮೆಪಟ್ಟದ್ದೋ ಅವನ ಅಕ್ಷರದಿಂದ ತಿಳಿಯಲಿಲ್ಲ. ಕುಂತು ಜೀಕಿದರೂ ಜೋಕಾಲಿ ಮುಂದೆ ಹೋಗುತ್ತದೆ ಅವ್ವಾ. ಚಿಮ್ಮನಚೋಡದ ನೀರು ನಿನಗೆ ಒಗ್ಗುತ್ತದೆ, ಆ ಚಿಂತೆ ನನಗಿಲ್ಲ. ಇಲ್ಲಿ ನಾವೆಲ್ಲ ಆರಾಮ. ನೀನು ಕಟ್ಟಿಟ್ಟು ಹೋದ ಉಂಡಿಗಳಲ್ಲಿ ಎಳ್ಳಿನವು ಮುಗಿದವು, ಶೇಂಗಾದವು ಇವೆ. ನೀನು ಒಂದೊಂದೇ ಅಕ್ಷರ ಕೂಡಿಸಿ ಓದುವವಳೆಂದು ದೊಡ್ಡದಾಗಿ ಬರೆಯುತ್ತಿದ್ದೇನೆ. ಹಾಳೆ ಹೆಚ್ಚಾದರೆ ಅದಕ್ಕೆ ಕಾರಣ ಅದೇ.

ಮುಂದಿನದು ನನಗೇ ಪೂರ್ತಿ ತಿಳಿಯದ ಸಂಗತಿ. ಹಿಂದಿನ ಚಕ್ರದ ಮೇಲಿರುವ ಆ ಕಿಂಡಿಯ ಮುಚ್ಚಳದ ಕೀಲಿ ಯುಗಾದಿಯಿಂದಲೇ ಕೆಟ್ಟಿತ್ತು, ನಿನಗೂ ಗೊತ್ತು. ಚಾವಿ ಹೋಗುತ್ತಿತ್ತು, ತಿರುಗುತ್ತಿರಲಿಲ್ಲ. ಮುಚ್ಚಳ ಎತ್ತಿನ ಕಿವಿಯ ಹಾಗೆ ಜೋತು ಬಿದ್ದಿರುತ್ತಿತ್ತು. ಒಳಗಿನ ಬಿರಡೆಯಂತೂ ಅಪ್ಪ ಇದ್ದಾಗಲೇ ಎಲ್ಲೋ ಬಿದ್ದುಹೋಗಿ, ಅದರ ಜಾಗದಲ್ಲಿ ಒಂದು ಅರಿವೆ ತುರುಕಿದ್ದೆವು. ಹೀಗೆ ಬಾಯಿ ತೆರೆದು ನಿಂತ ಕಾರಿನಿಂದ ಯಾರಾದರೂ ಪೆಟ್ರೋಲ್ ತೆಗೆದಾರೆಂದು ನನಗೆ ಹೆದರಿಕೆ. ಪೆಟ್ರೋಲ್ ತೋರಿಸುವ ಮುಳ್ಳು ಸತ್ತುಹೋದ ಕಾರಾದ್ದರಿಂದ ಬೆಳಿಗ್ಗೆ ಪಾರ್ಸಲ್ ಆಫೀಸಿಗೆ ಹೋಗುವ ಮೊದಲು ಒಂದು ತಂತಿ ಇಳಿಸಿ, ಅದು ಎಲ್ಲಿಯವರೆಗೆ ತೊಯ್ದಿದೆ ಎಂದು ನೋಡುತ್ತಿದ್ದೆ. ಮದುವೆಯ ಬಾಡಿಗೆ ಇಲ್ಲದೆ ಕಾರು ತಗಡಿನ ಕೆಳಗೇ ನಿಂತ ವಾರಗಳಲ್ಲಿ ನಾನು ಕಂಡದ್ದು ಬೇರೆಯೇ. ಪೆಟ್ರೋಲ್ ಇಳಿಯುತ್ತಿರಲಿಲ್ಲ, ಏರುತ್ತಿತ್ತು. ಗುರುವಾರದವರೆಗೆ ಎರಡು ಬೆರಳಿನಷ್ಟು ಏರಿ, ಶುಕ್ರವಾರ ಮತ್ತೆ ಇಳಿದು ಮೊದಲಿನಷ್ಟಕ್ಕೇ ಬರುತ್ತಿತ್ತು. ತಂತಿ ಬಾಗಿದೆಯೆಂದು ಹೊಸ ತಂತಿ ತಂದೆ. ನೆಲ ಓರೆಯಿದೆಯೆಂದು ಚಕ್ರದ ಕೆಳಗೆ ಫರಸಿ ಕಲ್ಲು ಕೊಟ್ಟೆ. ಆದರೂ ಏರಿತು. ಆಫೀಸಿನಲ್ಲಿ ಹೇಳಿದರೆ ಸಂಗಣ್ಣ ಎಲ್ಲರೆದುರು, "ಹಂಗಾದ್ರ ನಿಮ್ಮ ಕಾರು ಹೈನಾ ಅದ ಅಂದಂಗಾತು. ಈ ಸಲ ಈದರ ನಮಗೊಂದು ಕರ ಕೊಡ್ರಿ" ಅಂದ. ನಕ್ಕವರಲ್ಲಿ ಒಬ್ಬರು, ಯಾರೋ ಕದ್ದು ಕಾರು ಒಯ್ದು, ಮನಸ್ಸು ಚುಚ್ಚಿ ಒಂದಿಷ್ಟು ಹೆಚ್ಚೇ ಹಾಕಿಡುತ್ತಾರೆ ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕಾರಿನ ಚಾವಿ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಅಪ್ಪನ ಕಾಲದಿಂದ ಈ ಕಾರು ನಡೆಸುತ್ತಿರುವ, ನಿನ್ನನ್ನು ಅಕ್ಕ ಎಂದು ಕರೆದು ಪ್ರತಿ ಪಂಚಮಿಗೂ ತವರಿಗೆ ಮುಟ್ಟಿಸುವ ಬಂದೇಅಲಿ ಮಾಮಾನ ಹತ್ತಿರ. ಈ ಹೆಸರು ಬಂದ ಕೂಡಲೆ ನೀನು ಕಾಗದ ಕೆಳಗಿಡುತ್ತೀ ಎಂದು ಬಲ್ಲೆ. ಇಡಬೇಡ, ಮುಂದೆ ಓದು.

ನಿನ್ನನ್ನು ಚಿಮ್ಮನಚೋಡದಲ್ಲಿ ಇಳಿಸಿ ಬಂದ ಮುಂದಿನ ಶುಕ್ರವಾರ, ಆಫೀಸಿಗೆ ರಜೆ ಹಾಕಿದ್ದೆ. ನಾನು ಮನೆಯಲ್ಲಿರುವುದು ಮಾಮಾಗೆ ಗೊತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಅವರು ಕಾರಿನ ಅಡಿಯಲ್ಲಿ ಮಲಗಿ, ಪೆಟ್ರೋಲ್ ಟಾಕಿಯ ಕೆಳಗಿನ ನಟ್ಟು ಸಡಿಲಿಸಿ, ಒಂದು ಡಬ್ಬಿಗೆ ಇಳಿಸಿಕೊಳ್ಳುತ್ತಿದ್ದರು. ಏನದು ಎಂದು ಕೇಳಿದೆ. "ಕಸ ಅದ ಅಳಿಯಾ, ಟಾಕಿ ಸ್ವಚ್ಛ ಮಾಡ್ಲಿಕತ್ತೀನಿ" ಎಂದರು. ಡಬ್ಬಿ ಮೂಸಿದೆ, ಪೆಟ್ರೋಲ್ ವಾಸನೆ. ಆಗ ನನ್ನ ಬಾಯಿಂದ ಬಂದ ಮಾತನ್ನು ಬಂದ ಹಾಗೆಯೇ ಬರೆಯುತ್ತೇನೆ: "ಮ್ಯಾಲಿನ ಕಿಂಡಿಗಿ ಕೀಲಿ ತರ್ತೀನಿ ಮಾಮಾ, ಈ ಕೆಳಗಿನ ಕಿಂಡಿಗಿ ಏನ್ ಹಾಕ್ಲಿ?" ಅವರು ರಮಜಾನದ ರೋಜಾ ಇದ್ದರು. ಉಗುಳು ಸಹ ನುಂಗದೆ ಇದ್ದ ಮನುಷ್ಯನಿಗೆ ಕಳವಿನ ಮಾತು ಆಡಿದೆ. ಅವರು ಸಿಟ್ಟು ಮಾಡಿದ್ದರೆ ನನಗೆ ಏನಾದರೂ ತಿಳಿಯುತ್ತಿತ್ತು. "ಹಂಗೇ ಆಗ್ಲಿ" ಎಂದು ನಟ್ಟು ಬಿಗಿ ಮಾಡಿ, ಡಬ್ಬಿ ಅಲ್ಲೇ ಬಿಟ್ಟು, ಚಾವಿ ಬಾನೆಟ್ಟಿನ ಮೇಲಿಟ್ಟು, ಕೈ ತೊಳೆದುಕೊಂಡು ಹೋದರು. ಅಳಿಯಾ ಅನ್ನಲಿಲ್ಲ. ಅದು ನನಗೆ ಆಮೇಲೆ ನೆನಪಾಯಿತು.

ಅವರು ಹೋದ ಮೇಲೆ ಕೂತು ಲೆಕ್ಕ ಹಾಕಿದೆ, ಕೂಡಲಿಲ್ಲ. ಕಳ್ಳ ತೆಗೆಯುತ್ತಾನೆ, ಟಾಕಿ ತುಂಬುತ್ತದೆ. ಪೇಪರಿನಲ್ಲಿ ಇಂಥ ಸುದ್ದಿ ಬಂದರೆ ಅಚ್ಚಿನ ತಪ್ಪು ಎಂದು ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ಆ ವಾರ ತಂತಿ ಇಳಿಸಿದಾಗ ಏರುವುದು ನಿಂತಿತ್ತು. ನೋಡು, ಮಾಮಾ ಹೋದರು, ಗೊಂದಲ ನಿಂತಿತು ಎಂದು ಮಾಳಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಏರೋದು ನಿಂತದ್ದು ಮಾಮಾ ಹೋದ ಮ್ಯಾಲಲ್ಲರಿ, ಅತ್ತಿ ತವರಿಗಿ ಹೋದ ಮ್ಯಾಲ" ಎಂದಳು. ಯೋಚಿಸಿದರೆ ಖರೆ. ಹಾಗಾದರೆ ನೀನೇ ಎಲ್ಲಿಂದಲೋ ಪೆಟ್ರೋಲ್ ತಂದು ಸುರಿಯುತ್ತಿದ್ದೆಯೆಂದು ಒಂದಿಡೀ ದಿನ ನಂಬಿಕೊಂಡು ತಿರುಗಿದೆ. ಬೈಯಬೇಡ. ಯಾರ ಮೇಲಾದರೂ ಅನುಮಾನ ಪಡುವುದು ಒಮ್ಮೆ ಶುರುವಾದರೆ ಅದು ಮನೆ ಬಾಗಿಲಲ್ಲಿ ನಿಲ್ಲುವುದಿಲ್ಲ.

ಕೀಲಿಯನ್ನು ಶಹಾಬಾದಿನಿಂದ ತಂದೆ. ಆಗಸ್ಟ್ ಹದಿನೈದರ ರಜೆಯ ದಿನ ನಾನೇ ಹಳೆಯದನ್ನು ಬಿಚ್ಚಿದೆ. ಮುಚ್ಚಳದ ಒಳಬದಿ ಎರಡು ಸ್ಕ್ರೂ, ಅವು ಬಂದರೆ ಕೀಲಿ ಹೊರಗೆ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಸ್ಕ್ರೂ ಬಂದವು, ಕೀಲಿ ಬರಲಿಲ್ಲ. ಸುತ್ತಿಗೆಯಿಂದ ತಟ್ಟಿ ತೆಗೆದು ಫರಸಿಗೆ ಬಡಿದೆ. ಚಾವಿ ಹೋಗುವ ಸಂದಿನಿಂದ ಒಂದು ಬೂದುಬಣ್ಣದ ಗಟ್ಟಿ ಬಿತ್ತು. ಉಗುರಿಗೆ ಬರಲಿಲ್ಲ, ಹಲ್ಲಿಗೂ ಬರಲಿಲ್ಲ. ಸಿಮೆಂಟು. ನೀನು ಬೂದಿ ಅನ್ನುವ ಕಾರ್ಖಾನೆಯ ಧೂಳು ನಮ್ಮ ಕಾರಿನ ಮೇಲೆ, ಕಪಾಟಿನ ಮೇಲೆ, ಅಪ್ಪನ ಫೋಟೋದ ಮೇಲೆ ದಿನಾಲು ಬೀಳುತ್ತದೆ. ಊದಿದರೆ ಹೋಗುತ್ತದೆ. ಅದು ಕಲ್ಲಾಗಬೇಕಾದರೆ ನೀರು ಬೇಕು. ವಾಡಿಯಲ್ಲಿ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ಅನ್ನೋಣವೆಂದರೆ ಕಾರು ತಗಡಿನ ಕೆಳಗಿರುತ್ತದೆ. ಆಗ ಮಾಮಾ ಬಿಟ್ಟು ಹೋಗಿದ್ದ ಡಬ್ಬಿ ನೆನಪಾಯಿತು. ಅದರಲ್ಲಿದ್ದುದನ್ನು ಒಂದು ಗಾಜಿನ ಬಾಟಲಿಗೆ ಸುರಿದಿಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಪದರಾಯಿತು. ಮೇಲೆ ತೆಳ್ಳಗೆ ಪೆಟ್ರೋಲ್, ಕೆಳಗೆ ಮುಕ್ಕಾಲು ಬಾಟಲಿ ಬರೀ ನೀರು. ಮಾಮಾ ಹೇಳಿದ ಕಸ ಅದು.

ಅವ್ವಾ, ಈಗ ನಿನ್ನ ತಂಬಿಗೆಯ ಮಾತು. ನೀನು ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದಾದ ಮೇಲೆ ಒಂದು ತಂಬಿಗೆ ಕಾರಿಗೆ ಹಾಕುತ್ತೀ. ಚಕ್ರಕ್ಕೆ, ದೀಪಕ್ಕೆ, ಕಡೆಗೆ ಆ ತೆರೆದ ಕಿಂಡಿಗೆ. "ಅದರ ಬಾಯಾಗ ಬೂದಿ ಕುಂದರ್ತದ, ಹೊಟ್ಟಿಗಿ ಹೋದ್ರ ಹೆಂಗ?" ಎಂದು ನೀನು ಅಂದದ್ದನ್ನು ನಾನು ಹತ್ತು ಸಲ ಕೇಳಿದ್ದೇನೆ, ಒಂದು ಸಲವೂ ಕೇಳಿಸಿಕೊಂಡಿಲ್ಲ. ನೀನು ಬೂದಿ ತೊಳೆದೆ. ತೊಳೆದ ನೀರು ಅರಿವೆಯಲ್ಲಿ ಇಳಿದು ಟಾಕಿಗೆ ಹೋಯಿತು. ನಾನು ಅದನ್ನು ಪೆಟ್ರೋಲ್ ಎಂದು ಅಳೆದೆ.

ಹೋದ ಗುರುವಾರ ಸಂಜೆ ಮಾಮಾನ ಮನೆಗೆ ಹೋದೆ. ಅವರ ಮನೆಯಾಕೆ ಜೈತುನ್‌ಬೀ ಬಾಗಿಲಲ್ಲೇ ಇದ್ದರು. "ನಿಮ್ಮ ಮಾಮಾ ಒಳಗ ಇದ್ದಾರ. ಕೀಲಿ ಹಾಕಿಲ್ಲ, ಬರ್ರಿ" ಎಂದರು. ನನಗೆ ಬೇಕಾಗಿದ್ದುದು ಅದೇ ಇರಬೇಕು, ಹೋಗಿ ಕೂತೆ. ನೀರು ಎಂದು ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾಮಾ ಹೇಳಿದ್ದಿಷ್ಟು: "ನಿಮ್ಮಪ್ಪ ಹೋದ ಮ್ಯಾಲ ಅಕ್ಕ ಗ್ವಾಡಿಗಿ ಆತು ಕುಂತಾಕಿ ಎದ್ದಿದ್ದಿಲ್ಲ. ಒಂದಿನ ಮುಂಜಾನಿ ತಾನೇ ಎದ್ದು ತಂಬಿಗಿ ತಗೊಂಡು ಕಾರಿಗಿ ನೀರು ಹಾಕಿದಳು. ಅವತ್ತಿಂದ ಮನಿ ಕೆಲಸಕ್ಕ ಹತ್ತಿದಳು. ಅಂಥಾಕಿಗಿ, ನಿನ್ನ ನೀರು ಟಾಕಿನ್ಯಾಗ ಹೊಂಟದ ಅಂತ ಹೆಂಗ ಹೇಳ್ಲಿ? ಹೇಳಿದ್ರ ಮತ್ತ ಕಾರು ಮುಟ್ತಾಳೇನು? ವಾರಕ್ಕೊಮ್ಮಿ ನಟ್ಟು ಬಿಚ್ಚಿ ನೀರು ತೆಗೆದ್ರ ನನ್ನ ಗಂಟೇನು ಹೋಗ್ತದ?" ಅಷ್ಟರಲ್ಲಿ ಮಸೀದಿಯಲ್ಲಿ ಬಾಂಗ್ ಆಯಿತು, ರೋಜಾ ಬಿಡುವ ಹೊತ್ತು. ಜೈತುನ್‌ಬೀ ನನ್ನ ಮುಂದೆಯೂ ಖಜೂರ ಇಟ್ಟರು. ತಿಂದೆ. ಹೊರಡುವಾಗ ಚಾವಿ ಮುಂದೆ ಹಿಡಿದೆ. "ಇರ್ಲಿ, ನಾ ಇಟ್ಟಲ್ಲೇ ಇರ್ಲಿ" ಎಂದರು. ಅಂದರೆ ಬರುವುದಿಲ್ಲ ಎಂದೋ, ತಾವೇ ಬಂದು ತೆಗೆದುಕೊಳ್ಳುತ್ತಾರೆ ಎಂದೋ? ಮನೆಗೆ ಬಂದು ಬಾನೆಟ್ಟಿನ ಮೇಲೆ ಅದೇ ಜಾಗದಲ್ಲಿ ಇಟ್ಟಿದ್ದೇನೆ.

ಹೊಸ ಕೀಲಿ ಕೂರಿಸಲು ನಾನು ಪಟ್ಟ ಪಾಡನ್ನು ಮಾಳಮ್ಮ ನಿನಗೆ ವಿವರವಾಗಿ ಹೇಳುತ್ತಾಳೆ, ಆದ್ದರಿಂದ ಕಡಿಮೆ ಬರೆಯುತ್ತೇನೆ. ಅದರ ನಾಲಗೆಯನ್ನು ತಲೆಕೆಳಗಾಗಿ ಹಾಕಿದ್ದೆ. "ಹಾಕಿದ್ರ ತೆಗೀತದ, ತೆಗೆದ್ರ ಹಾಕ್ತದ, ಯಜಮಾನರ ಬುದ್ಧಿ ಹಂಗೇ ಅದ" ಎಂದಳು. ಇವತ್ತು ಬಿಚ್ಚಿ ಸರಿಯಾಗಿ ಕೂರಿಸಿದೆ. ಒಳಗೆ ಹೊಸ ಬಿರಡೆ ಹಾಕಿದೆ, ಅರಿವೆ ಎಸೆದೆ. ಚಾವಿಯ ಸಂದಿಗೆ ಗ್ರೀಸ್ ಹಚ್ಚಿ, ಮೇಲೆ ಸೈಕಲ್ ಟ್ಯೂಬಿನ ತುಂಡೊಂದನ್ನು ಪರದೆಯ ಹಾಗೆ ಇಳಿಬಿಟ್ಟಿದ್ದೇನೆ. ಆಮೇಲೆ ಕೊಡಗಟ್ಟಲೆ ನೀರು ಸುರಿದು ನೋಡಿದೆ. ತಂತಿಯ ತೇವ ಏರಲಿಲ್ಲ.

ಇದನ್ನೆಲ್ಲ ನಿನಗೆ ತಿಳಿಸಬಾರದೆಂದು ಮಾಮಾ ಹೇಳಿದ್ದರು. ತಿಳಿಸದಿದ್ದರೆ ಅವರು ಯಾಕೆ ಮನೆಗೆ ಬರುತ್ತಿಲ್ಲ ಎಂಬ ನಿನ್ನ ಪ್ರಶ್ನೆಗೆ ನಾನು ಸುಳ್ಳು ಹೇಳಬೇಕು. ಅವರ ಮಾತು ಮೀರಿದ್ದು ಸರಿಯೋ ತಪ್ಪೋ ಇನ್ನೂ ಬಗೆಹರಿದಿಲ್ಲ. ನಾಗೇಂದ್ರಪ್ಪ ಮಾವನಿಗೆ ನನ್ನ ನಮಸ್ಕಾರ ಮುಟ್ಟಿಸು. ಮಾಳಮ್ಮ ನಿನ್ನ ಪಾದಕ್ಕೆ ಬಿದ್ದಿದ್ದೇನೆಂದು ಬರೆಯಲು ಹೇಳಿದ್ದಾಳೆ. ನಿನ್ನ ಆಶೀರ್ವಾದ ಈ ಸಲ ನನಗೆ ಒಂದು ಹಿಡಿ ಹೆಚ್ಚೇ ಇರಲಿ.

ನಿನ್ನ ಮಗ,
ಅಮೃತಪ್ಪ

ತಾ.ಕ.: ಪಾಕೀಟು ಅಂಟಿಸುವಷ್ಟರಲ್ಲಿ ಮಾಮಾ ಬಂದರು. ನೆಟ್ಟಗೆ ಕಾರಿನ ಹಿಂದೆ ಹೋಗಿ ಹೊಸ ಕೀಲಿ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಬಾನೆಟ್ಟಿನ ಮೇಲಿನ ಚಾವಿ ಕಿಸೆಗೆ ಹಾಕಿಕೊಂಡರು. ಅವ್ವನಿಗೆ ಎಲ್ಲ ಬರೆದಿದ್ದೇನೆ ಎಂದೆ. ಸಿಟ್ಟಿನಿಂದ ನೋಡಿ, "ಹಂಗಾದ್ರ ಇದೂ ಬರಿ ಅಳಿಯಾ. ನಾ ಬಂದಾಗ ಅಕ್ಕ ತಂಬಿಗಿ ಹಿಡಕೊಂಡು ಹೊರಗ ಬಂದು ಕಾರಿಗಿ ನೀರು ಹಾಕಬೇಕು. ಖಾಲಿ ಕೈಲೆ ನಿಂತಳಂದ್ರ ನಾ ಗಾಡಿ ಇಳಿಯಂಗಿಲ್ಲ, ಹಂಗೇ ತಿರುಗಿಸ್ತೀನಿ" ಎಂದರು. ಅವ್ವಾ, ನಾನು ಇಷ್ಟು ಉದ್ದ ಬರೆದದ್ದು ಇದೊಂದಕ್ಕೇ: ನೀರು ಹಾಕುವುದನ್ನು ಬಿಡಬೇಡ, ಕಿಂಡಿಗೂ ಹಾಕು. ಗುರುವಾರ ಬೆಳಿಗ್ಗೆ ಕಾರು ವಾಡಿ ಬಿಟ್ಟು ಚಿತ್ತಾಪುರ, ಸೇಡಂ ಮೇಲೆ ಮಧ್ಯಾಹ್ನದೊಳಗೆ ಚಿಮ್ಮನಚೋಡ ಮುಟ್ಟುತ್ತದೆ. ನಡೆಸುವವರು ಬಂದೇಅಲಿ ಮಾಮಾ.