ಕೋಟೆಯ ಹಳದಿ ಬಾಣವೂ ನಮ್ಮಪ್ಪನ ಮಂಡಿಯೂ

ಮಾನ್ಯ ಕೋಟೆ ಸಂರಕ್ಷಣಾಧಿಕಾರಿಗಳೇ,

ತಮ್ಮ ಸುಪರ್ದಿಯಲ್ಲಿರುವ ಕೋಟೆ ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ ಬಾಣದ ಗುರುತು ಬರೆಸಿದ್ದೀರಿ. ಗೋಡೆ ಹತ್ತಿದವರು ಬಾಣ ತೋರಿಸಿದ ದಿಕ್ಕಿಗೇ ನಡೆಯಬೇಕು, ಹಳೇ ಊರನ್ನು ಪೂರ್ತಿ ಸುತ್ತಿ ಇನ್ನೊಂದು ಬಾಗಿಲಲ್ಲಿ ಇಳಿಯಬೇಕು, ಯಾವ ಕಾರಣಕ್ಕೂ ಹಿಂದಕ್ಕೆ ಹೆಜ್ಜೆ ಇಡಕೂಡದು ಎಂಬುದು ತಮ್ಮ ಅಪ್ಪಣೆ. ಆ ಅಪ್ಪಣೆಯ ಕೃಪೆಯಿಂದ ಹೋದ ಶನಿವಾರ ನನ್ನ ಅಪ್ಪ, ಕೈಕೊಟ್ಟ ಮಂಡಿ ಮತ್ತು ಸಕ್ಕರೆ ಕಾಯಿಲೆಯ ಸಮೇತ, ಅತ್ತ ಹೋಗಲಾರದೆ ಇತ್ತ ಬರಲಾರದೆ ಮಧ್ಯಾಹ್ನವಿಡೀ ಗೋಡೆಯ ಮೇಲೆ ಕುಳಿತಿದ್ದ. (ಅಪ್ಪನನ್ನು ಏಕವಚನದಲ್ಲಿ ಕರೆಯುವುದು ನನಗೆ ಚಿಕ್ಕಂದಿನ ರೂಢಿ. ಬಹುವಚನವನ್ನೆಲ್ಲ ತಮಗಾಗಿ ತೆಗೆದಿಟ್ಟಿದ್ದೇನೆ.) ನಮ್ಮ ಗೈಡ್ ಹೇಳಿದ ಪ್ರಕಾರ ಆ ಗೋಡೆ ಮೂರು ಮುತ್ತಿಗೆಗಳನ್ನು ಕಂಡಿದೆ, ಮೂರರಲ್ಲೂ ಸೋತಿದೆ. ಒಮ್ಮೆ ಯಾರೋ ಒಳಗಿನಿಂದ ಬಾಗಿಲು ತೆಗೆದರಂತೆ, ಒಮ್ಮೆ ಮದ್ದು ನೆನೆದು ಹೋಗಿತ್ತಂತೆ, ಒಮ್ಮೆ ಕಾವಲಿನವರಿಗೆ ಸಂಬಳವೇ ಆಗಿರಲಿಲ್ಲವಂತೆ. ಅಂದರೆ, ಕಟ್ಟಿದಂದಿನಿಂದ ಅದು ಯಶಸ್ವಿಯಾಗಿ ತಡೆದು ನಿಲ್ಲಿಸಿದ ಮೊದಲ ಮನುಷ್ಯ ನಮ್ಮಪ್ಪ. ತಮಗೆ ಅಭಿನಂದನೆಗಳು.

ತಡೆಯಲು ತಾವು ಆರಿಸಿಕೊಂಡ ಮನುಷ್ಯ ಎಂಥವನು ಎಂಬುದನ್ನು ಹೇಳಲೇಬೇಕು. ಅಪ್ಪ ತನ್ನ ಕೆಲಸದ ಕಾಲವನ್ನೆಲ್ಲ ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ಕಳೆದವನು. ಒಳಬರುವ ಗೇಟಿನಿಂದ ಹೊರಗೆ ನುಗ್ಗಲು ನೋಡಿದ ಡ್ರೈವರುಗಳಿಗೆ ಸೀಟಿ ಊದಿ ಊದಿ ಅವನ ಕೆನ್ನೆಗಳು ಈಗಲೂ ಉಬ್ಬಿಕೊಂಡೇ ಇವೆ. ಬಾಣದ ಗುರುತು ಕಂಡರೆ ಅವನಿಗೆ ಭಕ್ತಿ. ನರಪಿಳ್ಳೆಯಿಲ್ಲದ ಆಸ್ಪತ್ರೆಯ ಓಣಿಯಲ್ಲೂ ಎಡಗಡೆಗೇ ನಡೆಯುತ್ತಾನೆ. ಅಡುಗೆಮನೆಯ ಬಾಗಿಲಲ್ಲಿ ನಾನು ಎದುರಾದರೆ ಪಕ್ಕಕ್ಕೆ ಸರಿದು, ಕೈ ಚಾಚಿ, ಬಸ್ಸಿಗೆ ತೋರಿಸುವಂತೆ ದಾರಿ ತೋರಿಸುತ್ತಾನೆ. ತಮ್ಮ ಇಲಾಖೆ ಹಗಲು ದೀಪ ಹಚ್ಚಿ ಹುಡುಕಿದರೂ ಇಂಥ ವಿಧೇಯ ಪ್ರಜೆ ಇನ್ನೊಬ್ಬ ಸಿಗಲಾರ.

ಅಮ್ಮ ತೀರಿಕೊಂಡು ಎಂಟು ವರ್ಷವಾಯಿತು. ಅಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾದದ್ದು ಆಮೇಲೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದರೂ ಅಪ್ಪ ತಿಂಗಳಿಗೊಮ್ಮೆ, ಬರಬರುತ್ತಾ ಹದಿನೈದು ದಿನಕ್ಕೊಮ್ಮೆ ಲ್ಯಾಬಿಗೆ ಹೋಗತೊಡಗಿದ. ಸೂಜಿ ಕಂಡರೆ ತಲೆ ತಿರುಗುವ ಮನುಷ್ಯ ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಮೀಸೆ ಕತ್ತರಿಸಿಕೊಂಡು ರಕ್ತ ಕೊಡಲು ಹೊರಟರೆ ಮಗಳಾದವಳಿಗೆ ಅನುಮಾನ ಬಾರದೆ ಇರುತ್ತದೆಯೇ? ಲ್ಯಾಬಿನಲ್ಲಿ ರಕ್ತ ತೆಗೆಯುವವರನ್ನು ನಮ್ಮ ಬೀದಿಯವರೆಲ್ಲ ಸೂಜಿ ಮೇಡಂ ಎನ್ನುತ್ತಾರೆ. ಒಂಟಿಯಾಗಿ ಬದುಕಿದವರು. ಮಾತು ಕಡಿಮೆ, ಕೈ ಹಗುರ. ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ದೂರದ ಊರಿನಲ್ಲಿರುವ ಅವರ ತಮ್ಮ, ಅಕ್ಕನನ್ನು ತನ್ನ ಮನೆಗೇ ಬಂದಿರು ಎಂದು ಕರೆದಿದ್ದ. ಬರುತ್ತೀಯೋ ಇಲ್ಲವೋ ಸೋಮವಾರದೊಳಗೆ ಹೇಳು, ಇಲ್ಲವಾದರೆ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟುಬಿಡುತ್ತೇನೆ ಎಂದಿದ್ದ. ಅಪ್ಪನ ಪಾಲಿಗೆ ಉಳಿದದ್ದು ಆ ಶನಿವಾರವೊಂದೇ.

"ಹೋಟೆಲಲ್ಲಿ ಕೇಳೋಕಾಗಲ್ಲ ಕಣೇ," ಎಂದ ಅಪ್ಪ. "ಎದುರುಬದುರು ಕೂತ್ರೆ ನನಗೆ ಮಾತೇ ಹೊರಡಲ್ಲ. ಪಕ್ಕಪಕ್ಕ ನಡೀತಾ ಇರಬೇಕು. ಮಧ್ಯೆ ಸುಮ್ನಾದ್ರೆ ಮಾತಾಡೋಕೆ ಇನ್ಯಾರಾದ್ರೂ ಇರಬೇಕು."

ಹೀಗೆ ನಾನು ಒಂದು ದಿನದ ಖಾಸಗಿ ಕೋಟೆ ಪ್ರವಾಸ ಗೊತ್ತುಮಾಡಿದೆ. ಕಾರು, ಗೈಡ್, ಎಲ್ಲವೂ ಅಪ್ಪ, ಮೇಡಂ, ನಾನು, ಈ ಮೂವರಿಗಷ್ಟೇ. "ನಿಮ್ಮ ಗುಂಪು, ನಿಮ್ಮ ಇಷ್ಟ, ನಿಮ್ಮದೇ ವೇಗ" ಎಂಬುದು ಅವರ ಜಾಹೀರಾತು. ತಮ್ಮ ಬಾಣಗಳ ವಿಷಯ ಅದರಲ್ಲಿರಲಿಲ್ಲ. ಗೈಡ್ ನಿಲ್ಲಿಸದೆ ಮಾತಾಡುವ ಮನುಷ್ಯ. ನಾವಿದ್ದದ್ದು ಮೂರೇ ಜನವಾದರೂ ಕಳೆದುಹೋಗಬಾರದೆಂದು ಮಡಚಿದ ಕೊಡೆಯನ್ನು ನೆತ್ತಿಯ ಮೇಲೆ ಎತ್ತಿ ಹಿಡಿದುಕೊಂಡೇ ನಡೆಯುತ್ತಿದ್ದ. ಬುತ್ತಿ, ನೀರು, ಮಾತ್ರೆ ತುಂಬಿದ ಚೀಲ ನನ್ನ ಹೆಗಲಿಗೆ ಬಿತ್ತು. ಪಶ್ಚಿಮದ ಬುರುಜಿನಲ್ಲಿ ಊರೆಲ್ಲ ಕಾಣುತ್ತದಂತೆ, ಅಲ್ಲಿ ಕೇಳುತ್ತೇನೆ ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿದ್ದ.

ಅಲ್ಲಿಯವರೆಗೆ ಹೋದದ್ದೆಲ್ಲಿ? ಎರಡನೆಯ ಬುರುಜಿಗೇ ಕಥೆ ಮುಗಿಯಿತು. ಅಲ್ಲಿ ಗೋಡೆಯ ದಾರಿ ಒಮ್ಮೆಲೇ ಮೇಲೇರುತ್ತದೆ, ಮೆಟ್ಟಿಲುಗಳು ಮೊಣಕಾಲೆತ್ತರ. ಗೈಡ್, ಮೇಡಂ, ನಾನು ಹತ್ತಿದೆವು. "ನೀವು ನಡೀತಿರಿ, ಬಂದೆ" ಎಂದು ಅಪ್ಪ ಕೆಳಗೆ ನಿಂತ. ಕೇಳಬೇಕಾದ ಮಾತನ್ನು ಕೊನೆಯ ಸಲ ಬಾಯಿಪಾಠ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಮೇಲೆ ಹೋಗಿ ಬಗ್ಗಿ ನೋಡಿದರೆ ಬಲಮಂಡಿ ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟಿದ್ದಾನೆ, ಮುಖ ಬಿಳುಚಿದೆ. ಮೇಡಂ ತಟ್ಟನೆ ಮೆಟ್ಟಿಲ ಕಡೆ ತಿರುಗಿದರು. ತಮ್ಮ ಕಾವಲುಗಾರ ಸೀಟಿ ಊದಿದ.

"ಹಿಂದೆ ಹೋಗೋ ಹಾಗಿಲ್ಲ ಮೇಡಂ. ಬಾಣ ನೋಡಿ."

"ಅವರಿಗೆ ಮಂಡಿ ಹಿಡ್ಕೊಂಡಿದೆ. ನಿಮಗೂ ಕಾಣ್ತಿದೆ ತಾನೆ?"

"ಕಾಣತ್ತೆ. ನೀವು ಇಳಿದ್ರೆ ಅದು ಕ್ಯಾಮೆರಾಗೂ ಕಾಣತ್ತೆ."

"ಹಾಗಾದ್ರೆ ನೀವೇ ಇಳಿದು ಹೋಗಿ ಕೈ ಹಿಡೀರಿ."

"ನನಗೂ ಅದೇ ರೂಲು ಮೇಡಂ. ಬೆಳಿಗ್ಗೆ ಬಾಣ ಹಿಡಿದು ಬಂದು ಇಲ್ಲಿ ನಿಲ್ತೀನಿ, ಸಂಜೆ ಬಾಣ ಹಿಡಿದು ಊರೆಲ್ಲ ಸುತ್ತಿ ಮನೆಗೆ ಹೋಗ್ತೀನಿ. ಒಂದಿನ ಊಟದ ಡಬ್ಬಿ ಕೆಳಗೆ ಬಿಟ್ಟು ಬಂದಿದ್ದೆ. ಅವತ್ತು ಉಪವಾಸಾನೇ."

ಕೆಳಗಿನಿಂದ ಅಪ್ಪನ ದನಿ ಕೇಳಿಸಿತು. "ಅವರು ಹೇಳ್ತಿರೋದು ಸರಿ ಮೇಡಂ! ಒನ್ ವೇ ಅಂದ್ಮೇಲೆ ಒನ್ ವೇ!"

"ಅಪ್ಪಾ, ನೀನು ಸ್ವಲ್ಪ ಬಾಯಿ ಮುಚ್ಕೊಂಡಿರು!" ಎಂದು ಕೂಗಿದೆ. "ನಿನ್ನ ಹಿಂದೆ ಯಾರೂ ಇಲ್ಲ. ನಾವು ಹತ್ತಿ ಬಂದ ಬಾಗಿಲು ಅಲ್ಲೇ ಇದೆ. ಗೋಡೆ ಹಿಡ್ಕೊಂಡು ಮೆಲ್ಲಗೆ ವಾಪಸ್ ಹೋಗು."

ಕಳ್ಳತನ ಮಾಡೆಂದು ಹೇಳಿದವಳನ್ನು ನೋಡುವಂತೆ ಅಪ್ಪ ನನ್ನನ್ನು ನೋಡಿದ. "ಎದುರಿಂದ ಬರೋರಿಗೆ ತೊಂದ್ರೆ ಆಗತ್ತೆ" ಎಂದ. ಎದುರಿನಿಂದ ಒಂದು ಕಾಗೆಯೂ ಬರುತ್ತಿರಲಿಲ್ಲ.

ಹಾಗಾದರೆ ತಪ್ಪು ನಿಮ್ಮ ತಂದೆಯದೇ ಅಲ್ಲವೇ ಎಂದು ತಾವು ಇಲ್ಲಿ ಕುರ್ಚಿಗೆ ಒರಗಿ ನಿಟ್ಟುಸಿರು ಬಿಡಬಹುದು. ಹೌದು ಸ್ವಾಮಿ, ಅವನದೇ. ತಮ್ಮ ನಿಯಮವನ್ನು ಪಾಲಿಸಿದ್ದೇ ಅವನ ತಪ್ಪು. ಪುಂಡನೊಬ್ಬ ಅವನ ಜಾಗದಲ್ಲಿದ್ದರೆ ಬಾಣಕ್ಕೆ ಬೆನ್ನು ತೋರಿಸಿ ಕೆಳಗಿಳಿದು ಆರಾಮವಾಗಿ ಕಾಫಿ ಕುಡಿಯುತ್ತಿದ್ದ. ಮುರಿಯುವವನಿಗೆ ಅನುಕೂಲ, ಪಾಲಿಸುವವನಿಗೆ ಬಂದೀಖಾನೆ ಎಂಬ ನಿಯಮವನ್ನು ಯಾವ ಪುಣ್ಯಾತ್ಮರು ಯಾವ ಸಭೆಯಲ್ಲಿ ಕೂತು ರೂಪಿಸಿದರು? ಅವರಲ್ಲಿ ಒಬ್ಬರಿಗಾದರೂ ಮಂಡಿ ಇತ್ತೇ? ನಾನು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹತ್ತಿರದ್ದು ಕಾಣದವರನ್ನೂ ದೂರದ್ದು ಕಾಣದವರನ್ನೂ ದಿನಾ ನೋಡುತ್ತೇನೆ. ನೆಲದ ಮೇಲಿನ ಬಾಣ ಕಂಡು, ಅದರ ಮೇಲೆ ಕೂತ ಮನುಷ್ಯ ಕಾಣದಿರುವ ದೋಷಕ್ಕೆ ನನ್ನಂಗಡಿಯಲ್ಲಿ ಗಾಜಿಲ್ಲ.

ಕಾವಲುಗಾರನಿಗೇ ಪಾಪ ಅನ್ನಿಸಿರಬೇಕು. ಆಫೀಸಿನಿಂದ ಅನುಮತಿ ಚೀಟಿ ತಂದರೆ ಒಬ್ಬರು ಬಾಣಕ್ಕೆ ಎದುರಾಗಿ ನಡೆದು ಅವರನ್ನು ಇಳಿಸಿಕೊಂಡು ಹೋಗಬಹುದು ಎಂದ. ಆಫೀಸು ಎಲ್ಲಿ? ಇಳಿಯುವ ಬಾಗಿಲಲ್ಲಿ. ಇಳಿಯುವ ಬಾಗಿಲು ಎಲ್ಲಿ? ಹತ್ತುವ ಬಾಗಿಲ ಪಕ್ಕದಲ್ಲೇ, ಅಪ್ಪ ಕೂತಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ನಾವು ಅಲ್ಲಿಗೆ ಹೋಗಬೇಕಾದರೆ ಇಡೀ ಊರು ಸುತ್ತಬೇಕು. ಹಿಂದಕ್ಕೆ ಹೋಗಲು ಅನುಮತಿ ಬೇಡುವುದಕ್ಕೆ ಕೊನೆಯವರೆಗೆ ಮುಂದಕ್ಕೆ ಹೋಗಬೇಕು ಎಂಬ ಈ ಏರ್ಪಾಡನ್ನು ಆ ಮೂರು ಮುತ್ತಿಗೆಗಳ ಕಾಲದಲ್ಲಿ ಮಾಡಿದ್ದಿದ್ದರೆ ಶತ್ರುಗಳು ತಲೆ ಕೆಟ್ಟು ಊರಿಗೆ ಮರಳುತ್ತಿದ್ದರು.

ಊಟ ತಪ್ಪಿ ಅಪ್ಪನ ಸಕ್ಕರೆ ಇಳಿದುಬಿಟ್ಟೀತೆಂದು ಮೇಡಂಗೆ ಯೋಚನೆ. ನನ್ನ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಕೆಳಗೆ ಎಸೆದರು. ಅದು ಗೋಡೆ ದಾಟಿ ಕಂದಕಕ್ಕೆ ಬಿತ್ತು. ಎರಡನೆಯದನ್ನು ಗುರಿಯಿಟ್ಟು ಎಸೆದರು. ಅಪ್ಪ ಮೊದಲು ಕಾವಲುಗಾರನ ಮುಖ ನೋಡಿದ. ಕಾವಲುಗಾರ ಆಕಾಶ ನೋಡಿದ. ಆಮೇಲೆ ಅಪ್ಪ ಪೊಟ್ಟಣ ಬಿಚ್ಚಿದ.

"ಒಂದೊಂದೇ ತಿನ್ನಿ, ಎದ್ದು ಓಡಾಡ್ಬೇಡಿ" ಎಂದು ಮೇಡಂ ಕೂಗಿ ಹೇಳಿದರು. "ನಾನು ಸುತ್ತು ಹಾಕಿ ಬರ್ತೀನಿ."

ಮಾನ್ಯರೇ, ತಮ್ಮ ಗೋಡೆಯನ್ನು ತಾವು ಎಂದಾದರೂ ಪೂರ್ತಿ ಸುತ್ತಿದ್ದೀರಾ? ನೆರಳಿಲ್ಲ, ಕೂರಲು ಬೆಂಚಿಲ್ಲ. ಮೇಡಂ ಆ ದಿನಕ್ಕೆಂದೇ ಕೊಂಡ ಹೊಸ ಚಪ್ಪಲಿ ಹಾಕಿದ್ದರು. ಅರ್ಧ ದಾರಿಗೆ ಅದು ಕೈಗೆ ಬಂತು. ಗೈಡ್ ಅಭ್ಯಾಸಬಲದಿಂದ ಎರಡನೆಯ ಮುತ್ತಿಗೆಗೆ ಬಾಯಿ ಹಾಕಿದ. "ಆ ರಾಜನ್ನ ಸ್ವಲ್ಪ ಹೊತ್ತು ಬಿಟ್ಬಿಡಪ್ಪ" ಎಂದರು ಮೇಡಂ. ಪಶ್ಚಿಮದ ಬುರುಜಿನಿಂದ ನಿಜಕ್ಕೂ ಊರೆಲ್ಲ ಕಾಣುತ್ತಿತ್ತು. ಮಹಡಿಗಳಾಚೆ, ಎದುರು ಗೋಡೆಯ ಮೇಲೆ ಚುಕ್ಕಿಯಷ್ಟು ಅಪ್ಪ. ಮೇಡಂ ಚಪ್ಪಲಿ ಹಿಡಿದ ಕೈಯನ್ನೇ ಎತ್ತಿ ಬೀಸಿದರು. ಆ ಚುಕ್ಕಿ ಕೈ ಎತ್ತಿ, ತಡವಾದ ಬಸ್ಸನ್ನು ಒಳಗೆ ಕರೆಯುವಂತೆ, ಬನ್ನಿ ಬನ್ನಿ ಎಂದು ಆಡಿಸಿತು.

"ಬೆಳಿಗ್ಗೆಯಿಂದ ಅವರ ತುಟಿ ಅಲ್ಲಾಡ್ತಾನೇ ಇದೆ," ಎಂದರು ಮೇಡಂ. "ಏನದು?"

"ನನಗೇನು ಗೊತ್ತು" ಎಂದೆ. ಅವರು ನಕ್ಕು ಮುಂದೆ ನಡೆದರು.

ತಮ್ಮ ಕಚೇರಿ ತಲುಪಿದಾಗ ತಾವು ಊಟಕ್ಕೆ ಹೋಗಿದ್ದಿರಿ. ಫ್ಯಾನು ಮಾತ್ರ ತಮ್ಮ ಖಾಲಿ ಕುರ್ಚಿಗೆ ಗಾಳಿ ಹಾಕುತ್ತಿತ್ತು. ಗುಮಾಸ್ತರು ತಲೆ ಎತ್ತದೆ, "ಒಬ್ಬರಿಗೆ ಮಾತ್ರ ಚೀಟಿ. ಹತ್ತಿರದ ಸಂಬಂಧಿಕರೇ ಆಗಿರ್ಬೇಕು. ಯಾರು ಹೋಗೋದು?" ಎಂದರು. ನಾನು ಮುಂದೆ ಬಂದೆ. ಮೇಡಂ ನನಗಿಂತ ಮುಂದೆ ಬಂದರು.

"ನಾನು ಹೋಗ್ತೀನಿ."

"ಅವರು ನಿಮಗೇನಾಗ್ಬೇಕು?"

"ನಾನು ಅವರ ಹೆಂಡತಿ."

ಸೂಜಿ ಚುಚ್ಚುವ ಮೊದಲು "ಸ್ವಲ್ಪ ಚುರುಕ್ ಅನ್ನತ್ತೆ" ಎನ್ನುತ್ತಾರಲ್ಲ, ಅದೇ ದನಿ. ಆ ಮಾತನ್ನು ಹೇಳಬಲ್ಲವಳು ನನ್ನ ಪಾಲಿಗೆ ಅಲ್ಲಿಯವರೆಗೂ ಅಮ್ಮ ಒಬ್ಬಳೇ. ಒಂದು ಕ್ಷಣ ಸಿಟ್ಟೇ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅವರ ಕಾಲು ನೋಡಿದೆ. ಹಿಮ್ಮಡಿಯ ಬೊಬ್ಬೆಗಳೆರಡೂ ಒಡೆದಿದ್ದವು. ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಗುಮಾಸ್ತರು ಬರೆದುಕೊಂಡು, ಮೊಹರು ಒತ್ತಿ, ಚೀಟಿ ಕೊಟ್ಟರು.

ಹತ್ತುವ ಬಾಗಿಲ ಬುಡದಲ್ಲಿ ನಾನು ಕಾದು ನಿಂತೆ. ಬಹಳ ಹೊತ್ತಾದ ಮೇಲೆ ಇಬ್ಬರೂ ಇಳಿಯುವ ಸದ್ದು, ಜೊತೆಗೆ ಅಪ್ಪನ ಜಗಳದ ದನಿ ಕೇಳಿಸಿತು.

"ಸರ್ಕಾರಿ ಆಫೀಸಲ್ಲಿ ಸುಳ್ಳು ಹೇಳಿದ್ರಾ ಮೇಡಂ?"

"ಹೇಳಿದೆ."

"ಬರ್ಕೊಂಡ್ರಾ?"

"ಬರ್ಕೊಂಡ್ರು. ಮೊಹರೂ ಬಿತ್ತು."

ಅಪ್ಪ ಮೆಟ್ಟಿಲ ಮೇಲೆ ನಿಂತೇಬಿಟ್ಟ. "ಛೆ ಛೆ, ಅದು ಅಪರಾಧ. ಸರಿ ಮಾಡಿಸ್ಲೇಬೇಕು."

"ಮಾಡ್ಸಿ. ಆಫೀಸಿಗೆ ಹೋಗಿ, ಇವರು ನನಗೆ ಯಾರೂ ಅಲ್ಲ ಅಂತ ಹೇಳಿ ಹೊಡೆದು ಹಾಕ್ಸಿ. ಇಲ್ಲಾಂದ್ರೆ..."

"ಇಲ್ಲಾಂದ್ರೆ?"

"ಅದನ್ನೂ ನಾನೇ ಹೇಳ್ಬೇಕಾ ಕಂಟ್ರೋಲರ್ ಸಾಹೇಬ್ರೇ? ಬೆಳಿಗ್ಗೆಯಿಂದ ಅಷ್ಟೊಂದು ಬಾಯಿಪಾಠ ಮಾಡಿದ್ರಲ್ಲ!"

ಬಾಯಿಪಾಠ ಮಾಡಿದ್ದೆಲ್ಲ ಅವನಿಗೆ ಮರೆತುಹೋಗಿತ್ತು. ಗೋಡೆ ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡು, ನನ್ನಪ್ಪ ತನ್ನ ಬಾಳಿನ ಅತಿ ದೊಡ್ಡ ಮಾತನ್ನು ಹೀಗೆ ಆಡಿದ: "ಸರ್ಕಾರಿ ದಾಖಲೆ ತಿದ್ದೋದು ಬೇಡ ಮೇಡಂ. ಬರೆದಿರೋ ಹಾಗೇ ಇರ್ಲಿ."

ನಾನು ಗೋಡೆಯ ಕಡೆ ಮುಖ ಮಾಡಿ ಅತ್ತೆ. ಗೈಡ್ ತನ್ನ ಕೊಡೆ ಬಿಚ್ಚಿ ನನಗೆ ಮರೆ ಹಿಡಿದ. ಇಡೀ ದಿನದಲ್ಲಿ ಅದರಿಂದಾದ ಉಪಕಾರ ಅದೊಂದೇ. ಮಹಡಿಯ ಕೋಣೆಯನ್ನು ಧಾರಾಳವಾಗಿ ಬಾಡಿಗೆಗೆ ಕೊಡು ಎಂದು ಮೇಡಂ ಭಾನುವಾರವೇ ತಮ್ಮನಿಗೆ ಫೋನು ಮಾಡಿದರು. ಮುಂದಿನ ತಿಂಗಳು ನೋಂದಣಿ. ಸುಳ್ಳು ಮಾಹಿತಿಗಾಗಿ ತಾವು ಮೊಕದ್ದಮೆ ಹೂಡುವುದಿದ್ದರೆ ದಯವಿಟ್ಟು ತ್ವರೆಮಾಡಿ, ಆಮೇಲೆ ಅದು ಸುಳ್ಳಾಗಿ ಉಳಿಯುವುದಿಲ್ಲ.

ಇದರಿಂದ, ನಮ್ಮ ಬಾಣದಿಂದಲೇ ಒಂದು ಮದುವೆ ಕೂಡಿಬಂತು ಎಂದು ವಾರ್ಷಿಕ ವರದಿಯಲ್ಲಿ ಬರೆದುಕೊಳ್ಳುವ ಆಸೆ ತಮಗೆ ಹುಟ್ಟಬಹುದು. ಬೇಡ. ತಾವು ಮಾಡಿದ್ದು ತಡೆಯುವ ಕೆಲಸ. ಸುತ್ತು ಹಾಕಿದವರು ಅವರು. ಎಲ್ಲರಿಗೂ ಊರು ಸುತ್ತಿ ಬರುವವರು ಇರುವುದಿಲ್ಲ. ನಾಳೆ ಅದೇ ಮೆಟ್ಟಿಲ ಬುಡದಲ್ಲಿ ಯಾರೂ ಇಲ್ಲದ ಮುದುಕರೊಬ್ಬರು ಕೂತರೆ ಸಂಜೆಯವರೆಗೆ ಅವರಿಗೆ ಬಿಸ್ಕತ್ತು ಎಸೆಯುವವರು ಯಾರು? ಅಪ್ಪನಿಗೆ ಈ ಪತ್ರದ ವಿಷಯ ಗೊತ್ತಿಲ್ಲ. ಗೊತ್ತಾದರೆ ಖಂಡಿತ ತಮ್ಮ ಪರ ವಹಿಸುತ್ತಾನೆ.

ಆದ್ದರಿಂದ ನನ್ನ ಬೇಡಿಕೆ. ಪ್ರತಿ ಬುರುಜಿನ ಬುಡದಲ್ಲಿ ಒಂದು ಬೆಂಚು ಹಾಕಿಸಿ. ಕಾವಲುಗಾರನಿಗೆ ಊಟದ ಡಬ್ಬಿ ತರಲು ಹಿಂದಕ್ಕೆ ಹೋಗುವ ಹಕ್ಕು ಕೊಡಿ. ಬಾಣಗಳನ್ನು ಅಳಿಸುವ ಧೈರ್ಯ ತಮಗೆ ಬಾರದಿದ್ದರೆ ಬೇಡ, ಬಣ್ಣ ಬಿಸಿಲಿಗೆ ತಾನಾಗಿ ಹೋಗುತ್ತದೆ. ಆದರೆ ಇದೊಂದನ್ನು ನಡೆಸಿಕೊಡಿ. ನೋಂದಣಿಯಾದ ಮಾರನೆಯ ದಿನ ಅವರಿಬ್ಬರೂ ಮತ್ತೆ ಆ ಗೋಡೆ ಹತ್ತುತ್ತಾರೆ. ಅಪ್ಪ ನೋಡದೆ ಉಳಿದ ಪಶ್ಚಿಮದ ಬುರುಜನ್ನು ತೋರಿಸಿಯೇ ಸೈ ಎಂದು ಮೇಡಂ ಹಟ ಹಿಡಿದಿದ್ದಾರೆ. ಅಪ್ಪ ಎಲ್ಲೋ ಒಂದು ಕಡೆ ಹಿಂದೆ ಉಳಿದೇ ಉಳಿಯುತ್ತಾನೆ. ಅವರು ತಿರುಗಿ ಅವನಲ್ಲಿಗೆ ನಡೆದುಹೋಗುತ್ತಾರೆ. ಆಗ ಸೀಟಿ ಊದಿಸಬೇಡಿ.

ಇಂತಿ,
ಅಷ್ಟು ವಿಧೇಯನಾದ ತಂದೆಗೆ ಇಷ್ಟು ಅವಿಧೇಯಳಾಗಿ ಹುಟ್ಟಿ, ತಮ್ಮ ಕಚೇರಿಯಲ್ಲಿ ಒಂದು ಸುಳ್ಳನ್ನು ಕಣ್ಣಾರೆ ಕಂಡೂ ಸುಮ್ಮನಿದ್ದ ಮಗಳು